ಹಳೆಯ ಬ್ಲೂಸ್, ಸೋಲ್ ಹಾಡು ಹಂಚುವ ಬಗೆ: ಒಂದು ಹಾಡಿಗೆ ಒಂದು ವಿಚಿತ್ರ ಸಂಗತಿ

ಅಮೆರಿಕದ ಕಪ್ಪು ಜನರ ಹಳೆಯ ಬ್ಲೂಸ್, ಸೋಲ್ ಹಾಡುಗಳ ಬಗ್ಗೆ ಬರೆದಾಗಲೆಲ್ಲ ಓದುಗರಿಂದ ಅದೇ ಮೂರು ಪ್ರಶ್ನೆ ಬರುತ್ತವೆ. ಇವೆಲ್ಲ ಎಲ್ಲಿ ಸಿಗುತ್ತವೆ? ಬೇರೆಯವರಿಗೆ ಕಳಿಸಿದರೆ ಕಾಪಿರೈಟ್ ತಕರಾರು ಬರುವುದಿಲ್ವಾ? ವಾಟ್ಸಾಪ್ ಗುಂಪಿಗೆ ಹಾಕಿದರೆ ಒಬ್ಬರೂ ಕೇಳುವುದಿಲ್ಲ, ಏನು ಮಾಡಲಿ?

ಮೂರನೆಯದಕ್ಕೆ ಮೊದಲು ಉತ್ತರ ಹೇಳುತ್ತೇನೆ. ಬ್ಲೂಸ್ ಗಾಯಕಿ ಮಾ ರೇನಿ 1920ರ ದಶಕದಲ್ಲಿ ಹಾಡಿದ ಒಂದು ರೆಕಾರ್ಡನ್ನು ಸುಮ್ನೆ ಲಿಂಕ್ ಹಾಕಿ ಕಳಿಸಿ ನೋಡಿ. ಕೇಳುವವರಿಗೆ ಮೊದಲು ಸಿಗುವುದು ಕರಕರ ಸದ್ದು, ಆಮೇಲೆ ಅರ್ಥವಾಗದ ಉಚ್ಚಾರಣೆಯ ಇಂಗ್ಲಿಷ್. ಹತ್ತು ಸೆಕೆಂಡಿಗೆ ನಿಲ್ಲಿಸಿಬಿಡುತ್ತಾರೆ. ಅದೇ ಲಿಂಕಿನ ಜೊತೆ "ಈ ರೆಕಾರ್ಡ್ ಹೊರತಂದದ್ದು ಕುರ್ಚಿ ಮಾಡುವ ಕಂಪನಿ" ಅಂತ ಒಂದು ಸಾಲು ಬರೆಯಿರಿ. ಇದು ನಿಜ. ಅಮೆರಿಕದ ವಿಸ್ಕಾನ್ಸಿನ್ ಚೇರ್ ಕಂಪನಿ ಗ್ರಾಮಾಫೋನ್ ಇಡುವ ಮರದ ಪೆಟ್ಟಿಗೆಗಳನ್ನು ಮಾಡುತ್ತಿತ್ತು. ಪೆಟ್ಟಿಗೆ ಮಾರಾಟವಾಗಲಿ ಎಂದು ರೆಕಾರ್ಡುಗಳನ್ನೂ ಶುರು ಮಾಡಿತು. ಅದೇ ಪ್ಯಾರಮೌಂಟ್ ಲೇಬಲ್. ಲೇಬಲ್ ಅಂದರೆ ರೆಕಾರ್ಡಿನ ಮೇಲೆ ಹಾಕುವ ಕಂಪನಿಯ ಹೆಸರು. ಮಾ ರೇನಿ, ಬ್ಲೈಂಡ್ ಲೆಮನ್ ಜೆಫರ್ಸನ್, ಚಾರ್ಲಿ ಪ್ಯಾಟನ್, ಸನ್ ಹೌಸ್ ಇವರೆಲ್ಲರ ದನಿ ಉಳಿದದ್ದು ಆ ಕುರ್ಚಿ ಕಂಪನಿಯಿಂದ. ಇದನ್ನು ಓದಿದವರು ಹಾಡು ಒತ್ತಿಯೇ ಒತ್ತುತ್ತಾರೆ.

ಹಾಗಾಗಿ ಈ ಲೇಖನದ ದಾರಿ ಇಷ್ಟು: ಒಂದು ಹಾಡು, ಅದಕ್ಕೆ ಅಂಟಿಕೊಂಡ ಒಂದು ವಿಚಿತ್ರ ಸಂಗತಿ. ಸಂಗತಿ ಇಂಟರ್ನೆಟ್ಟಿನಲ್ಲಿ ಎಲ್ಲರೂ ತೆರೆದು ನೋಡುವಂತಿರಬೇಕು, ಮತ್ತು ನಿಜವಾಗಿರಬೇಕು. ಈ ಹಾಡುಗಾರರಲ್ಲಿ ಎಷ್ಟೋ ಜನರಿಗೆ ಬದುಕಿದ್ದಾಗ ಸರಿಯಾದ ದುಡ್ಡು ಸಿಗಲಿಲ್ಲ. ನಾವು ಅವರ ಹಾಡು ಹಂಚುವಾಗ ಹೆಸರು, ಇಸವಿ, ಕಥೆಯನ್ನಾದರೂ ಸರಿಯಾಗಿ ಹೇಳಬೇಕು.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ. ಒಂದು ಫೋನ್ ಅಥವಾ ಕಂಪ್ಯೂಟರ್, ಒಂದು ಹೆಡ್‌ಫೋನ್, ಬರೆದಿಡಲು ಒಂದು ನೋಟ್‌ಬುಕ್. ಹೆಡ್‌ಫೋನ್ ಮಾತ್ರ ಬಿಡಬೇಡಿ. ಫೋನಿನ ಸ್ಪೀಕರಿನಲ್ಲಿ ಹಳೆ ರೆಕಾರ್ಡಿನ ಗಿಟಾರ್ ಕೇಳಿಸುವುದೇ ಇಲ್ಲ, ಬರೀ ಕರಕರ ಕೇಳಿಸುತ್ತದೆ.

1. ಏನು ಕೇಳುತ್ತಿದ್ದೀರಿ ಅಂತ ತಿಳಿದುಕೊಳ್ಳಿ

ಬ್ಲೂಸ್ ಅಮೆರಿಕದ ದಕ್ಷಿಣ ರಾಜ್ಯಗಳ ಕಪ್ಪು ಜನರ ಹಾಡು. ಸಾಮಾನ್ಯವಾಗಿ ಒಂದು ನುಡಿಗೆ ಮೂರು ಸಾಲು. ಮೊದಲ ಸಾಲನ್ನೇ ಎರಡನೇ ಸಲ ಹಾಡುತ್ತಾರೆ, ಮೂರನೆಯದು ಅದಕ್ಕೆ ಉತ್ತರ. ಪ್ರತಿ ಸಾಲಿನ ಕೊನೆಯಲ್ಲಿ ಗಿಟಾರೋ ಪಿಯಾನೋವೋ ಮಾತಿಗೆ ಮಾತು ಕೊಡುತ್ತದೆ. ಇಷ್ಟು ಗೊತ್ತಿದ್ದರೆ ಸಾಹಿತ್ಯ ಅರ್ಧ ಅರ್ಥವಾಗದಿದ್ದರೂ ಹಾಡಿನ ಜೊತೆ ಹೋಗಬಹುದು.

ಸೋಲ್ ಬಂದದ್ದು ಆಮೇಲೆ, 1950ರ ದಶಕದ ನಡುವಿನಲ್ಲಿ. ಚರ್ಚಿನ ಭಕ್ತಿಗೀತೆಗೆ ಗಾಸ್ಪೆಲ್ ಅನ್ನುತ್ತಾರೆ. ಅಲ್ಲಿ ಹಾಡುವ ರೀತಿಯನ್ನೇ ಪ್ರೀತಿ, ವಿರಹ, ಹೋರಾಟದ ಹಾಡಿಗೆ ತಂದರು. ರೇ ಚಾರ್ಲ್ಸ್, ಸ್ಯಾಮ್ ಕುಕ್, ಅರೀಥಾ ಫ್ರಾಂಕ್ಲಿನ್, ಓಟಿಸ್ ರೆಡಿಂಗ್ ಈ ಸಾಲಿನವರು.

78 ಅಂದರೆ ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಗ್ರಾಮಾಫೋನ್ ಪ್ಲೇಟು, ಒಂದು ಕಡೆಗೆ ಸುಮಾರು ಮೂರು ನಿಮಿಷ. 45 ಅಂದರೆ 1949ರಿಂದ ಬಂದ ಚಿಕ್ಕ ವಿನೈಲ್ ಪ್ಲೇಟು. ಬ್ಲೂಸಿನ ಹಳೆಯ ಸಂಪತ್ತೆಲ್ಲ 78ರಲ್ಲಿದೆ, ಸೋಲ್ ಹೆಚ್ಚಾಗಿ 45ರಲ್ಲಿ.

2. ಸರಿಯಾದ ಜಾಗದಲ್ಲಿ ಹುಡುಕಿ

ಮೊದಲು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಬಾರ್ಬರಾ ಕ್ಯಾಂಪಸ್ಸಿನವರು ನಡೆಸುವ 'ಡಿಸ್ಕೋಗ್ರಫಿ ಆಫ್ ಅಮೆರಿಕನ್ ಹಿಸ್ಟಾರಿಕಲ್ ರೆಕಾರ್ಡಿಂಗ್ಸ್' ನೋಡಿ. ಡಿಸ್ಕೋಗ್ರಫಿ ಅಂದರೆ ಯಾರು, ಯಾವತ್ತು, ಎಲ್ಲಿ, ಯಾವ ಕಂಪನಿಗೆ ಹಾಡಿದರು ಎಂಬ ಪಟ್ಟಿ. ಹಾಡುಗಾರರ ಹೆಸರು ಕೊಟ್ಟರೆ ದಿನಾಂಕ ಸಮೇತ ಸಿಗುತ್ತದೆ. ಅಲ್ಲಿ ಮ್ಯಾಟ್ರಿಕ್ಸ್ ನಂಬರ್ ಅಂತ ಒಂದು ಕಾಣುತ್ತದೆ. ಅದು ರೆಕಾರ್ಡ್ ಮಾಡಿದಾಗ ಆ ಮೂಲ ಅಚ್ಚಿಗೆ ಕೊಟ್ಟ ಸಂಖ್ಯೆ, ಅಂಗಡಿಯಲ್ಲಿ ಮಾರುವ ಕ್ಯಾಟಲಾಗ್ ಸಂಖ್ಯೆ ಬೇರೆ. ಒಂದೇ ಹಾಡನ್ನು ಎರಡು ಸಲ ಹಾಡಿದ್ದರೆ ಯಾವುದು ಯಾವುದು ಅಂತ ಇದರಿಂದ ಗೊತ್ತಾಗುತ್ತದೆ.

ಲೈಬ್ರರಿ ಆಫ್ ಕಾಂಗ್ರೆಸ್ ಅಂದರೆ ಅಮೆರಿಕದ ಸಂಸತ್ತಿನ ಗ್ರಂಥಾಲಯ. ಅದರ 'ನ್ಯಾಷನಲ್ ಜ್ಯೂಕ್‌ಬಾಕ್ಸ್' 2011ರಲ್ಲಿ ಶುರುವಾಯಿತು. ಅಲ್ಲಿ ಹಳೆಯ ಪ್ಲೇಟುಗಳನ್ನು ನೇರವಾಗಿ ಕೇಳಬಹುದು. ಹೊಲ, ಜೈಲು, ಚರ್ಚುಗಳಿಗೇ ಹೋಗಿ ಜಾನಪದ ಸಂಗ್ರಾಹಕ ಅಲನ್ ಲೊಮ್ಯಾಕ್ಸ್ ರೆಕಾರ್ಡ್ ಮಾಡಿದ್ದು 'ಲೊಮ್ಯಾಕ್ಸ್ ಡಿಜಿಟಲ್ ಆರ್ಕೈವ್'ನಲ್ಲಿದೆ. ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್ ಮೊದಲು ಮೈಕಿನ ಮುಂದೆ ಹಾಡಿದ್ದೂ ಲೊಮ್ಯಾಕ್ಸ್ ಅವರಿಗೇ, 1941ರಲ್ಲಿ, ಮಿಸಿಸಿಪಿಯ ಸ್ಟೋವಾಲ್ ಪ್ಲಾಂಟೇಶನ್ನಿನಲ್ಲಿ. ಆಗ ಮಡ್ಡಿ ಆ ತೋಟದಲ್ಲಿ ಕೆಲಸ ಮಾಡುತ್ತಿದ್ದರು.

ಇಂಟರ್ನೆಟ್ ಆರ್ಕೈವಿನ 'ಗ್ರೇಟ್ 78 ಪ್ರಾಜೆಕ್ಟ್' ಇನ್ನೊಂದು ದೊಡ್ಡ ಕಣಜ. ಇಲ್ಲೊಂದು ಎಚ್ಚರಿಕೆ. ಅಲ್ಲಿ ಸಿಕ್ಕಿತು ಅಂದ ಮಾತ್ರಕ್ಕೆ ಎಲ್ಲರಿಗೂ ಮುಕ್ತ ಅಂತಲ್ಲ. 2023ರಲ್ಲಿ ದೊಡ್ಡ ರೆಕಾರ್ಡ್ ಕಂಪನಿಗಳು ಇದೇ ವಿಷಯಕ್ಕೆ ಆರ್ಕೈವಿನ ಮೇಲೆ ಮೊಕದ್ದಮೆ ಹೂಡಿದ್ದವು.

ಸೋಲ್ ಹಾಡಿಗೆ ಯೂಟ್ಯೂಬ್, ಸ್ಪಾಟಿಫೈ ಸಾಕು. ಆದರೆ ಎರಡು ಕಡೆ ಎಡವುತ್ತೇವೆ. ಅಲ್ಲಿ ತೋರಿಸುವ ಇಸವಿ ಎಷ್ಟೋ ಸಲ ಹಾಡಿನದಲ್ಲ, ಯಾವುದೋ ಸಂಗ್ರಹ ಆಲ್ಬಮ್ ಬಿಡುಗಡೆಯಾದದ್ದು. ಎರಡನೆಯದು ಇನ್ನೂ ಮೋಸ. 60ರ ದಶಕದ ಎಷ್ಟೋ ಸೋಲ್ ಗಾಯಕರು ತಮ್ಮ ಜನಪ್ರಿಯ ಹಾಡುಗಳನ್ನೇ ಆಮೇಲೆ ಬೇರೆ ಸಣ್ಣ ಕಂಪನಿಗಳಿಗೆ ಮತ್ತೆ ಹಾಡಿಕೊಟ್ಟರು. ಹೆಸರೂ ಅದೇ, ಗಾಯಕರೂ ಅವರೇ, ಆದರೆ ಹಾಡು ಸಪ್ಪೆ. ಡ್ರಮ್ಸಿನಲ್ಲಿ 80ರ ದಶಕದ ಯಂತ್ರದ ಸದ್ದು ಕೇಳಿದರೆ ಅಲ್ಲೇ ನಿಲ್ಲಿಸಿ. ಮೋಟೌನ್, ಸ್ಟ್ಯಾಕ್ಸ್, ಅಟ್ಲಾಂಟಿಕ್, ಚೆಸ್ ಅಂತ ಮೂಲ ಲೇಬಲ್ ಹೆಸರಿದೆಯಾ ನೋಡಿ.

3. ಫೈಲ್ ಕಳಿಸಬೇಕೋ, ಲಿಂಕ್ ಕಳಿಸಬೇಕೋ?

ಹೆಚ್ಚು ಗೊಂದಲ ಇರುವುದು ಇಲ್ಲೇ. ನಿಧಾನವಾಗಿ ಓದಿ.

ಒಂದು ಹಾಡಿನಲ್ಲಿ ಎರಡು ಹಕ್ಕು ಇರುತ್ತವೆ. ಸಾಹಿತ್ಯ ಮತ್ತು ರಾಗದ್ದು ಒಂದು. ಆ ದಿನ ಹಾಡಿ ಪ್ಲೇಟಿಗೆ ಇಳಿಸಿದ್ದು ಇನ್ನೊಂದು. ಎರಡೂ ಮುಗಿದಿದ್ದರೆ ಮಾತ್ರ ಅದು ಪಬ್ಲಿಕ್ ಡೊಮೇನ್, ಅಂದರೆ ಯಾರು ಬೇಕಾದರೂ ಬಳಸಬಹುದಾದ ಸಾರ್ವಜನಿಕ ಸ್ವತ್ತು.

ಅಮೆರಿಕದಲ್ಲಿ 2018ರ 'ಮ್ಯೂಸಿಕ್ ಮಾಡರ್ನೈಸೇಶನ್ ಆಕ್ಟ್' ಹಳೆಯ ರೆಕಾರ್ಡಿಂಗುಗಳಿಗೆ ಗಡುವು ಹಾಕಿತು. 1923ಕ್ಕಿಂತ ಹಿಂದಿನವು 2022ರ ಜನವರಿ 1ಕ್ಕೆ ಮುಕ್ತವಾದವು. 1923ರಿಂದ 1946ರವರೆಗೆ ಬಿಡುಗಡೆಯಾದವಕ್ಕೆ 100 ವರ್ಷ. 1947ರಿಂದ 1956ರವರೆಗಿನವಕ್ಕೆ 110 ವರ್ಷ. 1957ರಿಂದ 1972ರ ಫೆಬ್ರವರಿ 14ರವರೆಗಿನ ಎಲ್ಲಕ್ಕೂ 2067ರ ಫೆಬ್ರವರಿ 15ರವರೆಗೆ ಹಕ್ಕು ಇರುತ್ತದೆ. ಅಂದರೆ 60ರ ದಶಕದ ಸೋಲ್ ಪೂರ್ತಿ ಇದರೊಳಗೆ ಬಂತು. ಸಾಹಿತ್ಯ, ರಾಗಕ್ಕೆ ಆ ಕಾಲದ ಅಮೆರಿಕದ ಲೆಕ್ಕ ಹೆಚ್ಚೆಂದರೆ ಪ್ರಕಟವಾದಾಗಿನಿಂದ 95 ವರ್ಷ.

ಹಾಗಾಗಿ ಮೇಮಿ ಸ್ಮಿತ್ 1920ರ ಆಗಸ್ಟ್ 10ರಂದು ಹಾಡಿದ 'ಕ್ರೇಜಿ ಬ್ಲೂಸ್' ಮುಕ್ತ. ಕಪ್ಪು ಗಾಯಕಿಯೊಬ್ಬರು ಹಾಡಿದ ಬ್ಲೂಸ್ ಮಾರುಕಟ್ಟೆಗೆ ಬಂದದ್ದು ಅದೇ ಮೊದಲು. ಬೆಸ್ಸಿ ಸ್ಮಿತ್ ಅವರ 1923ರ 'ಡೌನ್‌ಹಾರ್ಟೆಡ್ ಬ್ಲೂಸ್' 2024ಕ್ಕೆ ಮುಕ್ತವಾಯಿತು. ಅವರೇ ಲೂಯಿ ಆರ್ಮ್‌ಸ್ಟ್ರಾಂಗ್ ಜೊತೆ 1925ರಲ್ಲಿ ಮಾಡಿದ 'ಸೇಂಟ್ ಲೂಯಿಸ್ ಬ್ಲೂಸ್' 2026ರ ಜನವರಿ 1ಕ್ಕೆ ಸಾರ್ವಜನಿಕ ಸ್ವತ್ತಾಯಿತು. ರಾಬರ್ಟ್ ಜಾನ್ಸನ್ 1936 ಮತ್ತು 37ರಲ್ಲಿ ಹಾಡಿದವು ಇನ್ನೂ ಆಗಿಲ್ಲ.

ನಮ್ಮ ಕಾನೂನಿನಲ್ಲಿ ರೆಕಾರ್ಡಿಂಗಿಗೆ 60 ವರ್ಷ, ಬರೆದವರಿಗೆ ಅವರ ಜೀವಮಾನ ಮತ್ತು ಆಮೇಲೆ 60 ವರ್ಷ. "ಹಾಗಾದರೆ 1962ರ ಸೋಲ್ ಇಲ್ಲಿ ಮುಕ್ತ ಅಲ್ವಾ?" ಅಂತ ಕೇಳುತ್ತೀರಿ. ರೆಕಾರ್ಡಿಂಗಿನ ಅವಧಿ ಮುಗಿದರೂ ಬರೆದವರ ಹಕ್ಕು ಉಳಿದಿರುತ್ತದೆ. ಜೊತೆಗೆ ನೀವು ಅದನ್ನು ಹಾಕುವ ಜಾಗಗಳು ಲೋಕಕ್ಕೆಲ್ಲ ಕಾಣುತ್ತವೆ. ಯೂಟ್ಯೂಬಿನ ಗುರುತು ಹಿಡಿಯುವ ಯಂತ್ರ ನಮ್ಮ ಕಾನೂನನ್ನು ಕೇಳಿ ಕೂರುವುದಿಲ್ಲ. ನನ್ನ ಸಲಹೆ ಸರಳ: ಅಮೆರಿಕದಲ್ಲಿ ಮುಕ್ತವಾಗಿದ್ದರೆ ಮಾತ್ರ ಫೈಲ್. ಉಳಿದದ್ದಕ್ಕೆಲ್ಲ ಅಧಿಕೃತ ಲಿಂಕ್. ಲಿಂಕ್ ಕಳಿಸಿದರೆ ಹಕ್ಕು ಇರುವವರಿಗೆ ನಾಲ್ಕು ಕಾಸಾದರೂ ಸೇರುತ್ತದೆ.

ಫೈಲ್ ಕಳಿಸುವಾಗ ಯಾರೋ ಈಚೆಗೆ ಶುದ್ಧ ಮಾಡಿ ಸಿಡಿಯಲ್ಲಿ ತಂದದ್ದನ್ನು ಎತ್ತಬೇಡಿ. ಹಳೆ ಪ್ಲೇಟಿನಿಂದ ನೇರವಾಗಿ ಇಳಿಸಿದ್ದನ್ನೇ ಬಳಸಿ.

4. ವಿಚಿತ್ರ ಸಂಗತಿ ಹುಡುಕುವುದು

ನನಗೆ ತುಂಬಾ ಇಷ್ಟವಾದ ಹಂತ ಇದು. ಹಾಡಿನ ಹೆಸರನ್ನೇ ಹುಡುಕಿದರೆ ಎಲ್ಲರಿಗೂ ಸಿಗುವುದೇ ಸಿಗುತ್ತದೆ. ಹಾಡಿನ ಅಕ್ಕಪಕ್ಕದ್ದನ್ನು ಹುಡುಕಿ. ರೆಕಾರ್ಡ್ ಮಾಡಿದ ಕಟ್ಟಡ ಮೊದಲು ಏನಾಗಿತ್ತು? ಪ್ಲೇಟು ಯಾವುದರಿಂದ ಮಾಡಿದ್ದು? ಹಾಡುಗಾರರು ಆ ಊರಲ್ಲಿ ರಾತ್ರಿ ಎಲ್ಲಿ ಉಳಿದರು? ಸರ್ಕಾರದ ಕಡತದಲ್ಲಿ ಅವರ ಹೆಸರಿದೆಯಾ?

ಕಟ್ಟಡದ ಪ್ರಶ್ನೆಗೆ ಉತ್ತರ ಅಮೆರಿಕದ ಮೆಂಫಿಸ್‌ ಊರಿನಲ್ಲಿದೆ. ಸ್ಟ್ಯಾಕ್ಸ್ ಸ್ಟುಡಿಯೋ ಹಳೆಯ ಸಿನಿಮಾ ಥಿಯೇಟರಿನಲ್ಲಿತ್ತು. ಸೀಟು ಕಿತ್ತರೂ ನೆಲದ ಇಳಿಜಾರು ಹಾಗೇ ಉಳಿಯಿತು. ಓಟಿಸ್ ರೆಡಿಂಗ್ ಹಾಡಿದ್ದು ಆ ಇಳಿಜಾರಿನ ಮೇಲೇ.

ಪ್ಲೇಟಿನ ಪ್ರಶ್ನೆಗೆ ಉತ್ತರ ನಮ್ಮ ದೇಶದಲ್ಲಿದೆ. 78ರ ಪ್ಲೇಟಿಗೆ ಮುಖ್ಯವಾಗಿ ಬೇಕಾದದ್ದು ಅರಗು. ಪಾಂಡವರನ್ನು ಸುಡಲು ಮನೆ ಕಟ್ಟಿದರಲ್ಲ, ಅದೇ ಅರಗು. ಜಗತ್ತಿಗೆ ಅದು ಹೋಗುತ್ತಿದ್ದದ್ದು ಹೆಚ್ಚಾಗಿ ಭಾರತದಿಂದ. ಯುದ್ಧದ ಕಾಲಕ್ಕೆ, 1942ರಲ್ಲಿ, ಅಮೆರಿಕ ಸರ್ಕಾರ ರೆಕಾರ್ಡ್ ಕಂಪನಿಗಳ ಅರಗಿನ ಬಳಕೆಗೆ ಕಡಿತ ಹಾಕಿತು. ಹಳೆಯ ಪ್ಲೇಟು ವಾಪಸ್ ಕೊಡಿ ಅಂತ ಜನರನ್ನು ಕೇಳಿದರು, ಅವನ್ನು ಪುಡಿ ಮಾಡಿ ಹೊಸದಕ್ಕೆ ಬಳಸಿದರು.

ರಾತ್ರಿ ಉಳಿಯುವ ಪ್ರಶ್ನೆಗೆ 'ಗ್ರೀನ್ ಬುಕ್' ನೋಡಿ. ಕಪ್ಪು ಪ್ರಯಾಣಿಕರಿಗೆ ಯಾವ ಊರಲ್ಲಿ ಯಾವ ಮನೆ, ಯಾವ ಹೋಟೆಲ್ ಬಾಗಿಲು ತೆರೆಯುತ್ತದೆ ಅಂತ ಹೇಳುವ ಪುಸ್ತಕ ಅದು. ನ್ಯೂಯಾರ್ಕಿನ ಅಂಚೆ ನೌಕರ ವಿಕ್ಟರ್ ಹ್ಯೂಗೋ ಗ್ರೀನ್ 1936ರಲ್ಲಿ ಶುರು ಮಾಡಿದ್ದು. ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿ ಹಲವು ವರ್ಷಗಳ ಸಂಚಿಕೆಗಳನ್ನು ಪುಟಪುಟವಾಗಿ ಸ್ಕ್ಯಾನ್ ಮಾಡಿ ಇಟ್ಟಿದೆ. 1963ರ ಅಕ್ಟೋಬರಿನಲ್ಲಿ ಲೂಸಿಯಾನಾದ ಶ್ರೀವ್‌ಪೋರ್ಟಿನ ಒಂದು ಮೋಟೆಲಿನಲ್ಲಿ ಸ್ಯಾಮ್ ಕುಕ್ ಅವರಿಗೆ ರೂಮು ಕೊಡಲಿಲ್ಲ. ಪ್ರತಿಭಟಿಸಿದ್ದಕ್ಕೆ ಅವರನ್ನೇ ಬಂಧಿಸಿದರು. ಮುಂದಿನ ಜನವರಿಯಲ್ಲಿ ಅವರು 'ಎ ಚೇಂಜ್ ಈಸ್ ಗಾನಾ ಕಮ್' ರೆಕಾರ್ಡ್ ಮಾಡಿದರು. ಗ್ರೀನ್ ಬುಕ್ಕಿನ ಲೂಸಿಯಾನಾ ಪುಟವನ್ನು ತೆರೆದಿಟ್ಟುಕೊಂಡು ಆ ಹಾಡು ಕೇಳಿ. ಅಷ್ಟು ದೊಡ್ಡ ಹೆಸರಿನ ಗಾಯಕನಿಗೂ ಊರಿಗೆ ಇಷ್ಟೇ ವಿಳಾಸ ಇತ್ತು ಅಂತ ಗೊತ್ತಾದಾಗ ಹಾಡು ಬೇರೆಯೇ ಥರ ಕೇಳಿಸುತ್ತದೆ.

ಸರ್ಕಾರದ ಕಡತವೂ ಇದೆ. ರಿಚರ್ಡ್ ಬೆರಿ ಎಂಬ ಆರ್ ಅಂಡ್ ಬಿ ಗಾಯಕ 1957ರಲ್ಲಿ 'ಲೂಯಿ ಲೂಯಿ' ಹೊರತಂದರು. ಆರ್ ಅಂಡ್ ಬಿ ಅಂದರೆ ಬ್ಲೂಸಿಗೂ ಸೋಲಿಗೂ ನಡುವಿನ ಕುಣಿತದ ಸಂಗೀತ. 1963ರಲ್ಲಿ ಕಿಂಗ್ಸ್‌ಮೆನ್ ಎಂಬ ತಂಡ ಅದನ್ನೇ ತೊದಲಿದಂತೆ ಹಾಡಿತು. ಏನೋ ಅಶ್ಲೀಲ ಇರಬೇಕು ಅಂತ ಪೋಷಕರು ದೂರು ಕೊಟ್ಟರು. ಎಫ್‌ಬಿಐ ಪ್ಲೇಟನ್ನು ಬೇರೆ ಬೇರೆ ವೇಗದಲ್ಲಿ ಹಾಕಿ ಕೇಳಿ, ಯಾವ ವೇಗದಲ್ಲೂ ಅರ್ಥವಾಗಲಿಲ್ಲ ಅಂತ ಬರೆಯಿತು. ಆ ಕಡತ ಎಫ್‌ಬಿಐಯ ಸೈಟಿನಲ್ಲೇ ಎಲ್ಲರಿಗೂ ಸಿಗುತ್ತದೆ.

ವಿಡಿಯೋ ಬೇಕಾದರೆ 1964ರ ಮೇ 7ರಂದು ಬ್ರಿಟನ್ನಿನ ಗ್ರನಾಡಾ ಟಿವಿ ಚಿತ್ರೀಕರಿಸಿದ್ದು ನೋಡಿ. ಮ್ಯಾಂಚೆಸ್ಟರಿನ ಒಂದು ಮುಚ್ಚಿಹೋದ ರೈಲ್ವೆ ಸ್ಟೇಷನ್. ಒಂದು ಪ್ಲಾಟ್‌ಫಾರ್ಮಿನಲ್ಲಿ ಪ್ರೇಕ್ಷಕರು, ಹಳಿಯಾಚೆ ಎದುರಿನದರಲ್ಲಿ ಹಾಡುಗಾರರು. ಮಳೆ ಬಂದು ನೆಲ ಒದ್ದೆ. ಗಾಸ್ಪೆಲ್ ಗಾಯಕಿ ಸಿಸ್ಟರ್ ರೊಸೆಟ್ಟಾ ಥಾರ್ಪ್ ಕುದುರೆ ಗಾಡಿಯಿಂದ ಇಳಿದು, ಕೋಟು ತೊಟ್ಟೇ, ಎಲೆಕ್ಟ್ರಿಕ್ ಗಿಟಾರ್ ಹೆಗಲಿಗೆ ಹಾಕಿಕೊಂಡು 'ಡಿಡ್ನ್ಟ್ ಇಟ್ ರೇನ್' ಅಂತ ಶುರು ಮಾಡುತ್ತಾರೆ. ಆಗ ಅವರಿಗೆ ಐವತ್ತರ ಹತ್ತಿರ. ಗಿಟಾರ್ ನುಡಿಸುವ ಮಕ್ಕಳಿದ್ದರೆ ಕೂರಿಸಿಕೊಂಡು ತೋರಿಸಿ.

5. ನಿಜವೇ ಅಂತ ಪರೀಕ್ಷಿಸಿ. ಈ ಹಂತವನ್ನು ಹಾರಿಸಲೇಬೇಡಿ

ಬ್ಲೂಸ್ ಸುತ್ತ ಕಟ್ಟುಕಥೆ ಜಾಸ್ತಿ. ರಾಬರ್ಟ್ ಜಾನ್ಸನ್ ಮಧ್ಯರಾತ್ರಿ ನಾಲ್ಕು ದಾರಿ ಕೂಡುವಲ್ಲಿ ದೆವ್ವಕ್ಕೆ ಆತ್ಮ ಮಾರಿ ಗಿಟಾರ್ ಕಲಿತ ಅನ್ನುವುದು ದಿನಾ ಓಡಾಡುವ ಕಥೆ. ಅದೇ ಕಥೆಯನ್ನು ಟಾಮಿ ಜಾನ್ಸನ್ ಎಂಬ ಬೇರೊಬ್ಬ ಬ್ಲೂಸ್ ಗಾಯಕನ ಬಗ್ಗೆ ಅವನ ಅಣ್ಣ ಹೇಳಿದ್ದು ದಾಖಲೆಯಲ್ಲಿದೆ. ಇಬ್ಬರಿಗೂ ನೆಂಟಸ್ತಿಕೆ ಇಲ್ಲ. ರಾಬರ್ಟ್ ವರ್ಷಗಟ್ಟಲೆ ಕಷ್ಟಪಟ್ಟು ಕಲಿತದ್ದನ್ನು ಈ ಕಥೆ ಅಳಿಸಿಹಾಕುತ್ತದೆ, ಅದಕ್ಕೇ ನನಗೆ ಅದರ ಮೇಲೆ ಸಿಟ್ಟು.

ಬೆಸ್ಸಿ ಸ್ಮಿತ್ ಸಾವಿನ ಕಥೆ ಇನ್ನೊಂದು. ಕಾರು ಅಪಘಾತವಾದಾಗ ಬಿಳಿಯರ ಆಸ್ಪತ್ರೆ ಒಳಗೆ ಬಿಡದೆ ಅವರು ರಕ್ತ ಸೋರಿ ಸತ್ತರು ಅಂತ 1937ರಲ್ಲೇ ಒಂದು ಪತ್ರಿಕೆಯಲ್ಲಿ ಬಂತು, ಆಮೇಲೆ ನಾಟಕವೂ ಬಂತು. ಅಪಘಾತದ ಜಾಗದಲ್ಲಿದ್ದ ವೈದ್ಯರು ಹೇಳಿದ್ದು ಬೇರೆ. ಬೆಸ್ಸಿ ಅವರನ್ನು ನೇರವಾಗಿ ಕ್ಲಾರ್ಕ್ಸ್‌ಡೇಲ್ ಊರಿನ ಕಪ್ಪು ಜನರ ಆಸ್ಪತ್ರೆಗೇ ಒಯ್ದರು. ಅಲ್ಲಿ ಸೆಪ್ಟೆಂಬರ್ 26ರಂದು ತೀರಿಕೊಂಡರು. ನಿಜ ಸಂಗತಿಯೂ ಕಡಿಮೆ ನೋವಿನದಲ್ಲ. 1970ರವರೆಗೆ ಅವರ ಸಮಾಧಿಗೆ ಒಂದು ಹೆಸರಿನ ಕಲ್ಲೂ ಇರಲಿಲ್ಲ. ಆ ವರ್ಷ ಗಾಯಕಿ ಜಾನಿಸ್ ಜಾಪ್ಲಿನ್ ಮತ್ತು ಹುವಾನಿಟಾ ಗ್ರೀನ್ ದುಡ್ಡು ಹಾಕಿ ನಿಲ್ಲಿಸಿದರು. ಹಂಚುವುದಾದರೆ ಇದನ್ನು ಹಂಚಿ.

ಪರೀಕ್ಷೆ ಹೀಗೆ: ದಿನಾಂಕವನ್ನು ಡಿಸ್ಕೋಗ್ರಫಿಯಲ್ಲಿ ನೋಡಿ. ಕಥೆಯನ್ನು ಮ್ಯೂಸಿಯಂ, ಲೈಬ್ರರಿ, ವಿಶ್ವವಿದ್ಯಾಲಯದ ಪುಟದಲ್ಲಿ ಹುಡುಕಿ. ಹತ್ತು ಕಡೆ ಅದೇ ವಾಕ್ಯ ಅದೇ ಪದಗಳಲ್ಲಿ ಸಿಕ್ಕರೆ ಅದು ಹತ್ತು ಸಾಕ್ಷಿಯಲ್ಲ, ಒಂದೇ ಸಾಕ್ಷಿಯ ನಕಲು. ಫೋಟೋ ಬಗ್ಗೆ ಈಗ ಇನ್ನೂ ಹುಷಾರಾಗಿರಿ. ಕಂಪ್ಯೂಟರ್ ಹುಟ್ಟಿಸಿದ ಮುಖಗಳು ಹಳೆ ಗಾಯಕರ ಹೆಸರಲ್ಲಿ ಓಡಾಡುತ್ತಿವೆ. ಯಾವ ಸಂಗ್ರಹದ್ದು ಅಂತ ಗೊತ್ತಿಲ್ಲದ ಫೋಟೋ ಬೇಡ.

6. ಬರೆಯಿರಿ, ಚಿಕ್ಕದಾಗಿ

ಹಾಡನ್ನು ಪೂರ್ತಿ ಕೇಳದೆ ಬರೆಯಬೇಡಿ. ಸಾಹಿತ್ಯವನ್ನೂ ಓದಿ. 20, 30ರ ದಶಕದ ಎಷ್ಟೋ ಬ್ಲೂಸ್ ಹಾಡುಗಳಲ್ಲಿ ಅಡುಗೆಮನೆಯ ಮಾತಿನೊಳಗೆ ಮಲಗುವ ಕೋಣೆಯ ಅರ್ಥ ಇರುತ್ತದೆ. ಸ್ನೇಹಿತರಿಗೆ ಸರಿ, ಅತ್ತೆ ಮಾವ ಇರುವ ಗುಂಪಿಗೆ ಬೇರೆ ಹಾಡು ಆರಿಸಿ. ಹಳೆ ಜಾಹೀರಾತುಗಳಲ್ಲಿ ಕಪ್ಪು ಜನರನ್ನು ಹೀಯಾಳಿಸುವ ಚಿತ್ರ, ಪದ ಇರುತ್ತವೆ. ಅವನ್ನು ತಮಾಷೆಗೆ ಅಂತ ಹಾಕಲೇಬಾರದು.

ಐದಾರು ಸಾಲು ಸಾಕು. ಯಾರು, ಯಾವಾಗ, ಎಲ್ಲಿ. ವಿಚಿತ್ರ ಸಂಗತಿ. ಎಷ್ಟನೇ ಸೆಕೆಂಡಿನಲ್ಲಿ ಏನು ಕೇಳಬೇಕು. ಮಾದರಿಗೆ ಒಂದು:

"ಬ್ಲೈಂಡ್ ವಿಲ್ಲಿ ಜಾನ್ಸನ್. 1927ರ ಡಿಸೆಂಬರ್, ಟೆಕ್ಸಸ್‌ನ ಡಲ್ಲಾಸ್. ಹಾಡು: 'ಡಾರ್ಕ್ ವಾಸ್ ದ ನೈಟ್'. ಮೂರು ನಿಮಿಷಕ್ಕೆ ಸ್ವಲ್ಪ ಜಾಸ್ತಿ ಇದೆ, ಒಂದು ಪದವೂ ಇಲ್ಲ. ಬರೀ ಗುನುಗು ಮತ್ತು ಗಿಟಾರ್. 1977ರಲ್ಲಿ ನಾಸಾ ವಾಯೇಜರ್ ನೌಕೆಗಳಲ್ಲಿ ಕಳಿಸಿದ ಚಿನ್ನದ ಲೇಪದ ಪ್ಲೇಟಿನಲ್ಲಿ ಈ ಹಾಡಿದೆ. ಅದೇ ಪ್ಲೇಟಿನಲ್ಲಿ ಕೇಸರ್‌ಬಾಯಿ ಕೇರ್ಕರ್ ಹಾಡಿದ ಭೈರವಿ ಇದೆ. 55 ಭಾಷೆಗಳ ಶುಭಾಶಯಗಳಲ್ಲಿ ನಮ್ಮ ಕನ್ನಡವೂ ಇದೆ. ಹೆಡ್‌ಫೋನ್ ಹಾಕಿ, ಗಿಟಾರ್ ನಿಂತಲ್ಲಿಂದ ದನಿ ಹೇಗೆ ಎತ್ತಿಕೊಳ್ಳುತ್ತದೆ ಕೇಳಿ."

ಕೆಳಗೆ ಎರಡು ಲಿಂಕ್: ಹಾಡಿನದು, ನಾಸಾ ಸೈಟಿನ ಶುಭಾಶಯಗಳ ಪುಟದ್ದು. ಹಿಂದೂಸ್ತಾನಿ ಕೇಳುವವರು ಗುಂಪಿನಲ್ಲಿದ್ದರೆ ಇನ್ನೊಂದು ಸಾಲು ಸೇರಿಸಿ. ಕೇಸರ್‌ಬಾಯಿಗೆ ಕಲಿಸಿದವರು ಅಲ್ಲಾದಿಯಾ ಖಾನ್. ಧಾರವಾಡದ ಮಲ್ಲಿಕಾರ್ಜುನ ಮನ್ಸೂರರು ಕಲಿತದ್ದು ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್, ಭುರ್ಜಿ ಖಾನ್ ಹತ್ತಿರ.

7. ಕಳಿಸುವಾಗ

ವಾರಕ್ಕೆ ಒಂದೇ ಹಾಡು. ಜಾಸ್ತಿ ಹಾಕಿದರೆ ಜನ ಮ್ಯೂಟ್ ಮಾಡುತ್ತಾರೆ. ಒಂದೇ ದಿನ, ಒಂದೇ ಹೊತ್ತಿಗೆ ಕಳಿಸಿದರೆ ಕಾಯುವ ಅಭ್ಯಾಸ ಆಗುತ್ತದೆ. ಯೂಟ್ಯೂಬ್ ಲಿಂಕಿನಲ್ಲಿ ಪ್ರಶ್ನೆ ಚಿಹ್ನೆಯ ಜೊತೆ 'ಎಸ್‌ಐ' ಎಂಬ ಇಂಗ್ಲಿಷ್ ಅಕ್ಷರಗಳಿಂದ ಶುರುವಾಗುವ ಬಾಲ ಇದ್ದರೆ ಅಳಿಸಿ. ಅದು ಹಾಡಿಗೆ ಬೇಕಿಲ್ಲ, ಯಾರು ಹಂಚಿದರು ಅಂತ ಜಾಡು ಹಿಡಿಯಲು ಇರುವುದು. ಗುಂಪಿನಲ್ಲಿ ಹೊರದೇಶದವರಿದ್ದರೆ ಲಿಂಕ್ ಅಲ್ಲೂ ತೆರೆಯುತ್ತದೆಯಾ ಅಂತ ಒಬ್ಬರನ್ನು ಮೊದಲೇ ಕೇಳಿ. ಫೈಲ್ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ, ಫೈಲಿನ ಹೆಸರಿನಲ್ಲೇ ಗಾಯಕರ ಹೆಸರು, ಇಸವಿ ಇರಲಿ. ಮುಂದೆ ಫಾರ್ವರ್ಡ್ ಆದಾಗ ನಿಮ್ಮ ಬರಹ ಕಳಚಿಹೋಗುತ್ತದೆ, ಫೈಲಿನ ಹೆಸರು ಉಳಿಯುತ್ತದೆ.

ಕಳಿಸಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಡಿ: ಹಾಡು, ಇಸವಿ, ಲೇಬಲ್, ಎರಡು ಲಿಂಕ್, ಯಾರು ಏನಂದರು. ಹಳೆಯ ಲಿಂಕ್ ಸತ್ತುಹೋದರೆ ಹೊಸದು ಹುಡುಕಲು ಇದೇ ಆಧಾರ. ಮೊದಲ ತಿಂಗಳಿಗೆ ಈ ಕ್ರಮ ಇಟ್ಟುಕೊಳ್ಳಬಹುದು: ವಾಯೇಜರ್ ಜೊತೆ ಬ್ಲೈಂಡ್ ವಿಲ್ಲಿ, ರೈಲ್ವೆ ಸ್ಟೇಷನ್ನಿನ ರೊಸೆಟ್ಟಾ, ಅರಗಿನ ಕಥೆಯೊಂದಿಗೆ ಮೇಮಿ ಸ್ಮಿತ್, ಗ್ರೀನ್ ಬುಕ್ ಜೊತೆ ಸ್ಯಾಮ್ ಕುಕ್. ಬೆಸ್ಸಿ ಸ್ಮಿತ್ ಅವರನ್ನು ಐದನೇ ವಾರಕ್ಕೆ ಇಡಿ. ಅಷ್ಟು ಹೊತ್ತಿಗೆ ಗುಂಪಿನವರ ಕಿವಿಗೆ ಆ ಕರಕರ ಸದ್ದು ಅಭ್ಯಾಸವಾಗಿರುತ್ತದೆ, ದನಿ ಮಾತ್ರ ಕೇಳಿಸುತ್ತದೆ.